ಒಲ್ಲೆ ಅನ್ನೋರಿಗೆ ಬಸ್ಸಿನ ಟೈಮ್ ಹೆಂಗ ಗೊತ್ತಿರ್ತದ?

ವಿಜಯಪುರದಾಗ ಕೌನ್ಸೆಲಿಂಗ್ ಮಾಡಾಕತ್ತಿ ನನಗ ಹದಿನೈದು ವರ್ಷ ಆತು. ಒಬ್ಬರರೆ ಬಂದು "ಮೇಡಂ, ಯಾವುದೋ ಹೊಸ ದಾರಿ ನನ್ನ ಕರಿಯಾಕತ್ತದ" ಅಂದಿದ್ದು ನೆನಪಿಲ್ಲ. ನಿದ್ದಿ ಬರವಲ್ದು ಅಂತಾರ, ಟ್ರಾನ್ಸ್‌ಫರ್ ಸಿಗವಲ್ದು ಅಂತಾರ, ಮನ್ಯಾಗ ಸಣ್ಣದಕ್ಕೂ ಸಿಟ್ಟು ಬರ್ತದ ಅಂತಾರ, ಅಷ್ಟ.

ಹೋದ ವರ್ಷ ನಲವತ್ತು ದಾಟಿದ ಹೆಣ್ಮಗಳೊಬ್ಬರು ಬಂದಿದ್ರು, ಸರ್ಕಾರಿ ನೌಕರಿ (ಗುರುತು ಸಿಗಬಾರ್ದಂತ ಒಂದೆರಡು ವಿವರ ಬದಲಿಸೇನಿ). ಅರ್ಧ ತಾಸು ಟ್ರಾನ್ಸ್‌ಫರ್ ಸುದ್ದಿನ ಹೇಳಿದ್ರು, ನಡುನಡುವೆ ವಾಚ್ ನೋಡ್ಕೋತ. ಪೆನ್ನಿಗಂತ ಬ್ಯಾಗಿಗೆ ಕೈ ಹಾಕಿದಾಗ ಒಂದು ನೋಟ್‌ಬುಕ್ ಕೆಳಗ ಬಿತ್ತು. ಪೇಜಿನ ತುಂಬ ತಾರೀಖು, ಹೊತ್ತು, ಅದರ ಮುಂದ "ಫ್ಲೆಮಿಂಗೊ 40, ಪಟ್ಟೆತಲೆ ಹೆಬ್ಬಾತು 12" ಹಿಂಗ ನೋಡಿದ ಹಕ್ಕಿಗಳ ಲೆಕ್ಕ.

"ಆಲಮಟ್ಟಿ ಹಿನ್ನೀರಿಗೆ ರವಿವಾರ ಒಮ್ಮೊಮ್ಮೆ ಹೋಗಿರ್ತೀನ್ರಿ, ಟೈಮ್‌ಪಾಸ್" ಅಂದ್ರು. ಆಮ್ಯಾಲ ಇಪ್ಪತ್ತು ನಿಮಿಷ ವಾಚ್ ನೋಡ್ಲಿಲ್ಲ, ಚಾ ಆರಿ ಕೆನಿ ಕಟ್ತು. ಇದನ್ನ ಸರಿಯಾಗಿ ಕಲೀಬಾರ್ದೇನ್ರಿ ಅಂದ್ರ, "ಆಗಂಗಿಲ್ರಿ, ಐದೂ ಮುಕ್ಕಾಲಿನ ಬಸ್ಸಿಗೆ ಹೋದ್ರ ಬೆಳಕ ಹರಿಯೂದ್ರಾಗ ಮುಟ್ಟಬಹುದು ಖರೆ, ಹೊಳ್ಳಿ ಬರೂ ಹೊತ್ತಿಗೆ ಅತ್ತಿಯವರ ಗುಳಿಗಿ ಟೈಮ್ ಮೀರ್ತದ, ದುರ್ಬೀನಿಗೂ ರೊಕ್ಕ ಬೇಕು, ಎರಡು ಅಂಗಡ್ಯಾಗ ಕೇಳೇನಿ..."

ಒಲ್ಲದವರು ಬಸ್ಸಿನ ಟೈಮ್ ಕೇಳಿ ಇಟ್ಕೊಂಡಿರಂಗಿಲ್ರಿ. ನೆಪ ಎಷ್ಟು ಡಿಟೇಲ್ ಇರ್ತದೋ ಅಷ್ಟು ಸಲ ಅವರು ಮನಸ್ಸಿನ್ಯಾಗ ಹೋಗಿ ಬಂದಿರ್ತಾರ.

ಅಮೆರಿಕದ ಜೋಸೆಫ್ ಕ್ಯಾಂಪ್‌ಬೆಲ್ ದೇಶದೇಶದ ಪುರಾಣ ಕಥಿ ಹೋಲಿಸಿ 1949ರಾಗ ಒಂದು ಪುಸ್ತಕ ತಂದ್ರು, ಅದರಾಗ ನಾಯಕನ ಪ್ರಯಾಣ ಶುರು ಆಗೂದು ಒಂದು ಕರೆಯಿಂದ, ಆ ಕರೆಗೆ ಒಲ್ಲೆ ಅನ್ನೂದೂ ಅದರ ಒಂದು ಹಂತ ಅಂತ ಗುರುತಿಸ್ಯಾರ. ನನಗ ಈ ಎರಡನೇದ್ದ ಹೆಚ್ಚು ಉಪಯೋಗಕ್ಕ ಬಂದದ. ಕರೆ ಕೇಳಸೂದಿಲ್ಲ, ಒಲ್ಲೆ ಅನ್ನೂದು ಮಾತ್ರ ನನ್ನ ಟೇಬಲ್ಲಿನ ಆಚೆ ಕಡೆಯಿಂದ ದಿನಾ ಕೇಳಸ್ತದ.

ಕರೆ ಅಂದ್ರ ದೂರದ ಊರು ಅಂತ ತಿಳ್ಕೊಳ್ಳೂದೂ ಒಂದು ತಪ್ಪು. ಭೀಮಸೇನ ಜೋಶಿಯವರು ಹುಡುಗರಿದ್ದಾಗ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಮ್ ಖಾನರ ರೆಕಾರ್ಡ್ ಕೇಳಿ ಹುಚ್ಚು ಹಿಡಿಸ್ಕೊಂಡ್ರು, 1933ರಾಗ ಹನ್ನೊಂದನೇ ವಯಸ್ಸಿಗೆ ಗುರು ಹುಡುಕ್ಕೋತ ಮನಿ ಬಿಟ್ಟು ನಮ್ಮ ವಿಜಯಪುರಕ್ಕೂ ಬಂದಿದ್ರು, ಗ್ವಾಲಿಯರ್, ಜಲಂಧರ್ ತನಕ ತಿರುಗಿದ್ರು, ಕಡೀಕ ಗುರು ಸಿಕ್ಕದ್ದು ಎಲ್ಲಿ? ಧಾರವಾಡದ ಬಾಜೂನ ಕುಂದಗೋಳದಾಗ, ಸವಾಯಿ ಗಂಧರ್ವರ ಮನ್ಯಾಗ.

ಆದ್ರ ಓಡಿ ಹೋಗಬೇಕು ಅನ್ನಿಸೂದೆಲ್ಲಾ ಕರೆ ಅಲ್ಲ. ನಾ ಒಂದು ಪ್ರಶ್ನೆ ಕೇಳ್ತೀನಿ: ನಾಳೆನ ನಿಮ್ಮ ಸಾಹೇಬ್ರು ಬದಲಾದ್ರು, ಟ್ರಾನ್ಸ್‌ಫರ್ ಆರ್ಡರ್ ಕೈಗೆ ಬಂತು ಅಂತ ತಿಳೀರಿ, ಅವಾಗೂ ಇದು ಬೇಕೇನು? ಬ್ಯಾಡ ಅಂದ್ರ ಅದು ಆಫೀಸಿನ ಜಗಳ, ಅಲ್ಲೇ ಬಗೀಹರಸ್ರಿ. ಇನ್ನು ನಾಕೈದು ದಿನದಿಂದ ಕಣ್ಣ ಮುಚ್ಚದ, ಮನಿ ಹೊಲ ಮಾರಿ ಹೊಂಟೀನಿ ಅಂತ ಏಕದಂ ಜೋರ್ ಮಾಡೋರನ್ನ ನಾ ಮೊದ್ಲು ಸೈಕಿಯಾಟ್ರಿಸ್ಟ್ ಕಡೆ ಕಳಸ್ತೀನಿ, ಅಲ್ಲಿ ಕಥಿ ಬ್ಯಾರೇನ ಇರಬಹುದು.

ಆ ಬಾಯಾರಿಗೂ ಇದನ್ನ ಕೇಳಿದ್ದೆ. "ಅವಾಗೂ ಹೋಗ್ತೀನ್ರಿ" ಅಂದವರು ಗಪ್ಪಾಗಿ ಕುಂತ್ರು. ಮೊನ್ನೆ ಫೋನ್ ಬಂದಿತ್ತು. ಟ್ರಾನ್ಸ್‌ಫರ್ ಇನ್ನೂ ಆಗಿಲ್ಲಂತ, ರವಿವಾರ ಅಜ್ಜಿಗೆ ಗುಳಿಗಿ ಕೊಡೂ ಕೆಲಸ ಮಗನಿಗೆ ಹಚ್ಯಾರಂತ.