ತಿನ್ನುವ ಎಸೆನ್ಸನ್ನು ಉಸಿರಿನಲ್ಲಿ ಎಳೆದುಕೊಳ್ಳಬಹುದೇ?

ಪ್ರಶ್ನೆ: ಕೇಕು, ಐಸ್‌ಕ್ರೀಮಿಗೆ ಹಾಕುವ ಎಸೆನ್ಸನ್ನು ಮಕ್ಕಳಿಗೂ ಧೈರ್ಯವಾಗಿ ಕೊಡುತ್ತೇವೆ. ಹಾಗಾದರೆ ಅದನ್ನೇ ಬೆರೆಸಿ ಮನೆಯಲ್ಲಿ ವೇಪ್ (ಇ-ಸಿಗರೇಟು) ದ್ರವ ತಯಾರಿಸಿಕೊಂಡರೆ ತಪ್ಪೇನು? ಬೆಣ್ಣೆ, ವೆನಿಲಾ, ದಾಲ್ಚಿನ್ನಿಯ ಸ್ವಾದಗಳನ್ನು ಯಾವ ಪ್ರಮಾಣದಲ್ಲಿ ಸೇರಿಸಿದರೆ ಹದ ಬರುತ್ತದೆ? (ಹುಬ್ಬಳ್ಳಿಯ ಓದುಗರೊಬ್ಬರು)

ಉತ್ತರ: ದಯವಿಟ್ಟು ತಯಾರಿಸಬೇಡಿ. ಇಲ್ಲಿ ತೊಂದರೆ ಇರುವುದು ಪ್ರಮಾಣದಲ್ಲಿ ಅಲ್ಲ, ಸ್ವಾದವು ದೇಹವನ್ನು ಹೊಗುವ ದಾರಿಯಲ್ಲಿ. ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಸುಗ್ಗಿಯಲ್ಲಿ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಖಾರಕ್ಕಿಂತ ಬಣ್ಣಕ್ಕೇ ಹೆಸರಾದ ಆ ಮೆಣಸಿನಕಾಯಿಯನ್ನು ಸಾರಿಗೆ ಧಾರಾಳವಾಗಿ ಹಾಕಿದರೂ ನಾಲಿಗೆ ತಾಳಿಕೊಳ್ಳುತ್ತದೆ. ಅದೇ ಕಾಯಿಯ ಚೀಲವನ್ನು ಸುರಿಯುವಾಗ ಏಳುವ ಘಾಟು ಮೂಗಿಗೆ ಹೊಕ್ಕರೆ ಸೀನು, ಕೆಮ್ಮು ತಡೆಯಲಾಗುವುದಿಲ್ಲ. ನುಂಗಿದ ಪದಾರ್ಥವನ್ನು ಜಠರದ ಆಮ್ಲವೂ ಕರುಳೂ ಯಕೃತ್ತೂ ಒಂದೊಂದಾಗಿ ಒಡೆದು ಹಗುರಗೊಳಿಸುತ್ತವೆ. ಶ್ವಾಸಕೋಶದ ಗಾಳಿಚೀಲಗಳಿಗೆ ಅಂಥ ಕಾವಲಿಲ್ಲ. ಅವುಗಳ ಗೋಡೆ ಅತ್ಯಂತ ತೆಳುವಾಗಿದ್ದು, ರಕ್ತ ಅದರಾಚೆಗೇ ಹರಿಯುತ್ತಿರುತ್ತದೆ. ಎಸೆನ್ಸ್ ಸೀಸೆಯ ಮೇಲಿನ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು ತಿನ್ನುವುದಕ್ಕೆ ಮಾತ್ರ ಸಂಬಂಧಿಸಿದ್ದು.

ನೀವು ಹೆಸರಿಸಿದ ಬೆಣ್ಣೆಯ ಸ್ವಾದವನ್ನೇ ಮೊದಲು ನೋಡೋಣ. ಮೊಸರು ಕಡೆದು ತೆಗೆದ ಬೆಣ್ಣೆಗೆ ಪರಿಮಳ ಕೊಡುವ ವಸ್ತುಗಳಲ್ಲಿ ಡೈಅಸಿಟೈಲ್ ಮುಖ್ಯವಾದದ್ದು, ಮತ್ತು ಬೆಣ್ಣೆಯ ಎಸೆನ್ಸಿನಲ್ಲಿ ಬಹಳ ಕಾಲದಿಂದ ಬಳಕೆಯಾಗುತ್ತ ಬಂದದ್ದೂ ಅದೇ. 2000ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ದುಡಿದಿದ್ದ ಎಂಟು ಜನರಲ್ಲಿ, ಶ್ವಾಸಕೋಶದ ಸಣ್ಣ ನಾಳಗಳು ಗಾಯಗೊಂಡು ಕಟ್ಟಿಕೊಳ್ಳುವ ಕಾಯಿಲೆ ಬೆಳಕಿಗೆ ಬಂದಿತು. ಬಿಸಿ ಬೆಣ್ಣೆ ಸ್ವಾದದ ಆವಿಯನ್ನು ಅವರು ದಿನವೂ ಉಸಿರಾಡಿದ್ದರು. ಒಮ್ಮೆ ಕಟ್ಟಿಕೊಂಡ ಆ ನಾಳಗಳು ಮತ್ತೆ ಮೊದಲಿನಂತಾಗುವುದಿಲ್ಲ. ಇದಾಗಿ ಹದಿನೈದು ವರ್ಷಗಳ ನಂತರ, 2015ರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 51 ಬಗೆಯ ಸ್ವಾದದ ವೇಪ್‌ಗಳನ್ನು ಪರೀಕ್ಷಿಸಿದಾಗ 39ರಲ್ಲಿ ಡೈಅಸಿಟೈಲ್ ಇತ್ತು. ಅವುಗಳಲ್ಲಿ ಬೆಣ್ಣೆಯ ಸ್ವಾದದವು ಮಾತ್ರವಲ್ಲ, ಹಣ್ಣಿನ ಸ್ವಾದದವೂ ಇದ್ದವು.

ವೆನಿಲಾ ಸಾಧುವಾಗಿ ಕಾಣುತ್ತದೆ. ಆದರೆ ಬೆರಕೆಯಲ್ಲಿ ನಿಮಗಿರುವ ಆಸಕ್ತಿಗೆ ನೇರವಾಗಿ ತಾಗುವ ಸಂಗತಿ ಇರುವುದು ಇಲ್ಲಿಯೇ. ವೇಪ್ ದ್ರವದ ಮೂಲವಾದ ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ ವೆನಿಲಾದ ಪರಿಮಳವಸ್ತುವಾದ ವೆನಿಲಿನ್ ಬೆರೆತು ಕುಳಿತರೆ, ಕಾಯಿಸದೆಯೇ, ಸೀಸೆಯೊಳಗೇ ಅಸಿಟಾಲ್ ಎಂಬ ಹೊಸ ಸಂಯುಕ್ತಗಳು ಹುಟ್ಟುತ್ತವೆ. ಇವು ಶ್ವಾಸನಾಳದ ಉರಿಗ್ರಾಹಕ ನರಗಳನ್ನು ಮೂಲ ವೆನಿಲಿನ್‌ಗಿಂತ ಹೆಚ್ಚಾಗಿ ಕೆರಳಿಸುತ್ತವೆ ಎಂದು ಯೇಲ್ ಮತ್ತು ಡ್ಯೂಕ್ ವಿಶ್ವವಿದ್ಯಾಲಯಗಳ ಸಂಶೋಧಕರು 2018ರಲ್ಲಿ ತೋರಿಸಿದರು. ಅಂದರೆ ನೀವು ಹನಿ ಎಣಿಸಿ ಹಾಕಿದ್ದು ಒಂದು, ವಾರದ ನಂತರ ಸೀಸೆಯಲ್ಲಿರುವುದು ಇನ್ನೊಂದು. ಮನೆಯ ಅಳತೆಗೆ ಅದು ಸಿಗುವುದೇ ಇಲ್ಲ. ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್ ಶ್ವಾಸನಾಳದಿಂದ ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳ ಚಲನೆಯನ್ನೇ ಕುಗ್ಗಿಸುತ್ತದೆ. ಎಣ್ಣೆ ರೂಪದ ಎಸೆನ್ಸುಗಳಂತೂ ಶ್ವಾಸಕೋಶಕ್ಕೆ ಸಲ್ಲುವ ವಸ್ತುಗಳೇ ಅಲ್ಲ.

ಕಾನೂನಿನ ಮಾತನ್ನೂ ಹೇಳಬೇಕು: ಇ-ಸಿಗರೇಟಿನ ತಯಾರಿಕೆ, ಮಾರಾಟ, ದಾಸ್ತಾನು ಮತ್ತು ಜಾಹೀರಾತನ್ನು ನಮ್ಮ ದೇಶದಲ್ಲಿ 2019ರ ಕಾಯ್ದೆ ನಿಷೇಧಿಸಿದೆ. ಸಿಗರೇಟು ಬಿಡುವ ಉದ್ದೇಶದಿಂದ ನೀವು ಇದರತ್ತ ಬಂದಿದ್ದರೆ ಆ ಉದ್ದೇಶವನ್ನು ಕೈಬಿಡಬೇಡಿ. ತಂಬಾಕು ತ್ಯಜಿಸಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿದರೆ ಉಚಿತವಾಗಿ ಸಲಹೆ ದೊರೆಯುತ್ತದೆ.

ಇನ್ನು ಸ್ವಾದ ಬೆರೆಸುವ ಹಂಬಲ. ಅದು ಒಳ್ಳೆಯ ಹಂಬಲವೇ, ಅದಕ್ಕೆ ತಕ್ಕ ಜಾಗ ಶರಬತ್ತಿನ ಪಾಕ. ಎರಡು ಲೋಟ ಸಕ್ಕರೆಗೆ ಒಂದು ಲೋಟ ನೀರು ಹಾಕಿ ಕರಗುವವರೆಗೆ ಕಾಯಿಸಿ, ಪೂರ್ತಿ ಆರಿದ ಮೇಲೆಯೇ ಎಸೆನ್ಸ್ ಸೇರಿಸಬೇಕು, ಏಕೆಂದರೆ ಬಿಸಿ ಪಾಕದಲ್ಲಿ ಪರಿಮಳ ಆವಿಯಾಗಿ ಹೋಗುತ್ತದೆ. ದಾಲ್ಚಿನ್ನಿ, ಲವಂಗಗಳು ಉಳಿದೆಲ್ಲವನ್ನೂ ಮುಚ್ಚಿಬಿಡುವ ಸ್ವಾದಗಳಾದ್ದರಿಂದ ಅವುಗಳನ್ನು ಒಂದು ಹನಿಯಿಂದ ಆರಂಭಿಸುವುದು ಲೇಸು. ಲಿಂಬೆ ಶರಬತ್ತಾದರೆ, ವೆನಿಲಾ ಮಾತ್ರ ಲಿಂಬೆಯ ಚೂಪನ್ನು ಮೃದುಗೊಳಿಸಿ ತಾನೂ ಅದರೊಂದಿಗೆ ಒಂದುಗೂಡುತ್ತದೆ. ಲಿಂಬೆಯ ಕಹಿ ಮೇಲೆದ್ದರೆ ಸಕ್ಕರೆ ಸುರಿಯುವ ಮೊದಲು ಚಿಟಿಕೆ ಉಪ್ಪು ಹಾಕಿ ನೋಡಿ. ತಂಪಿನಲ್ಲಿ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುವುದರಿಂದ, ಕೊನೆಯ ರುಚಿಯನ್ನು ಪಾಕದಲ್ಲಿ ನೋಡದೆ, ಗಡಿಗೆಯ ತಣ್ಣೀರಿನಲ್ಲಿ ಬೆರೆಸಿದ ಲೋಟದಲ್ಲಿಯೇ ನೋಡಬೇಕು.