ತೊಡೆಯ ಗಂಟಿಗೆ ಪೆಟ್ ಸ್ಕ್ಯಾನ್: ಗ್ಯಾಲಿಯಂನಿಂದ ಎಸ್‌ಯುವಿವರೆಗೆ

ತೊಡೆಯಲ್ಲೋ ತೋಳಿನಲ್ಲೋ ಎದ್ದ ಗಂಟಿಗೆ ಬಯಾಪ್ಸಿ ಆಗುವ ಮೊದಲೇ, ಚುಚ್ಚಿದ ವಿಕಿರಣಶೀಲ ಔಷಧ ಮೈಯಲ್ಲಿ ಎಲ್ಲಿ ಸೇರಿತೆಂದು ತೋರಿಸುವ ಪೆಟ್-ಸಿಟಿ ಸ್ಕ್ಯಾನ್‌ನ ವರದಿ ಕೈಗೆ ಬರುವುದು ಈಗ ಅಪರೂಪವಲ್ಲ. ‘ಎಸ್‌ಯುವಿ ಮ್ಯಾಕ್ಸ್ 6.2’ ಎಂಬಂಥ ಒಂದು ಸಾಲು ಅದರಲ್ಲಿರುತ್ತದೆ; ಗಂಟು ಆ ಔಷಧವನ್ನು ಎಷ್ಟು ಹೀರಿತು ಎಂಬುದರ ಗರಿಷ್ಠ ಅಂಕಿ ಅದು. ಮನೆಯವರು ಆ ಅಂಕಿಯನ್ನೇ ತೀರ್ಪು ಅಂದುಕೊಳ್ಳುತ್ತಾರೆ. ಸ್ನಾಯು, ಕೊಬ್ಬು, ನರ, ರಕ್ತನಾಳಗಳಲ್ಲಿ ಹುಟ್ಟುವ ಮೃದು ಅಂಗಾಂಶದ ಗಡ್ಡೆ ಸಾಧುವೋ ಮಾರಕವೋ ಎಂಬುದನ್ನು ಸೂಜಿ ಚುಚ್ಚದೆ ಹೇಳಿಬಿಡುವ ಆಸೆಗೆ ಐವತ್ತು ವರ್ಷ ದಾಟಿದೆ. ವಿಕಿರಣ ಸೂಸುವ ಹೊಸ ಐಸೋಟೋಪ್ ಬಂದಾಗಲೆಲ್ಲ ಅದು ಮತ್ತೆ ಚಿಗುರಿದೆ.

ಶುರುವಾದದ್ದು 1969ರಲ್ಲಿ. ಅಮೆರಿಕದ ಓಕ್ ರಿಡ್ಜ್‌ನಲ್ಲಿ ಎಡ್ವರ್ಡ್ಸ್ ಮತ್ತು ಹೇಯ್ಸ್ ಮೂಳೆ ನೋಡಲೆಂದು ಗ್ಯಾಲಿಯಂ-67 ಕೊಟ್ಟಿದ್ದರು. ಅದು ಹಾಜ್‌ಕಿನ್ ಕಾಯಿಲೆಯ (ಒಂದು ಬಗೆಯ ಕ್ಯಾನ್ಸರ್) ದುಗ್ಧರಸ ಗ್ರಂಥಿಗಳಲ್ಲಿ ಸೇರಿಕೊಂಡಿತು. ಮೃದು ಅಂಗಾಂಶದ ಮಾರಕ ಗಡ್ಡೆಗಳಾದ ಸಾರ್ಕೋಮಾಗಳಲ್ಲೂ ಅದನ್ನು ಪ್ರಯೋಗಿಸಲಾಯಿತು. ಇಂಜೆಕ್ಷನ್ ಕೊಟ್ಟು ಎರಡು ಮೂರು ದಿನ ಕಾಯಬೇಕು, ಆ ಹೊತ್ತಿಗೆ ಗ್ಯಾಲಿಯಂ ಕರುಳಿಗಿಳಿದು ಹೊಟ್ಟೆಯ ಚಿತ್ರ ಮಸುಕಾಗುತ್ತದೆ. ಕೀವು ತುಂಬಿದ ಬಾವೂ ಗಡ್ಡೆಯಷ್ಟೇ ಜೋರಾಗಿ ಹೊಳೆಯುತ್ತದೆ. ಆಮೇಲೆ ಹೃದಯದ ಪರೀಕ್ಷೆಯಿಂದ ಥಾಲಿಯಂ-201 ಮತ್ತು ಟೆಕ್ನೀಷಿಯಂ-99ಎಂ ಸೆಸ್ಟಾಮಿಬಿಯನ್ನು ಎರವಲು ತಂದರು. ಚಿತ್ರ ಸುಧಾರಿಸಿತು, ಗೊಂದಲ ಹಾಗೇ ಉಳಿಯಿತು.

ಪೆಟ್ ಸ್ಕ್ಯಾನ್‌ಗೆ ಚುಚ್ಚುವ ಎಫ್‌ಡಿಜಿಯ ಕಥೆ ಬೇರೆ. 1976ರಲ್ಲಿ ಬ್ರೂಕ್‌ಹೇವನ್‌ನಲ್ಲಿ ತಯಾರಾದ ಈ ಔಷಧವನ್ನು ಅದೇ ವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಕೊಡಲಾಯಿತು. ಇದು ಫ್ಲೋರಿನ್-18 ಅಂಟಿಸಿದ ಗ್ಲೂಕೋಸ್. ಜೀವಕೋಶ ಇದನ್ನು ಸಕ್ಕರೆಯೆಂದೇ ಒಳಗೆಳೆದುಕೊಳ್ಳುತ್ತದೆ, ಹೆಕ್ಸೋಕೈನೇಸ್ ಕಿಣ್ವ ಫಾಸ್ಫೇಟ್ ಜೋಡಿಸುತ್ತದೆ, ಮುಂದಿನ ಹಂತಕ್ಕೆ ಸಾಗದೆ ಅದು ಅಲ್ಲೇ ಸಿಕ್ಕಿಬೀಳುತ್ತದೆ. ಹಸಿದ ಗಡ್ಡೆ ಹೆಚ್ಚು ಹೊಳೆಯುತ್ತದೆ. ಭಾರತದಲ್ಲಿ ಮೊದಲ ಪೆಟ್ ಯಂತ್ರ 2002ರಲ್ಲಿ ಮುಂಬೈನ ಪರೇಲ್‌ನಲ್ಲಿರುವ ರೇಡಿಯೇಶನ್ ಮೆಡಿಸಿನ್ ಸೆಂಟರ್‌ಗೆ ಬಂತು. ಪೆಟ್ ಮತ್ತು ಸಿಟಿ ಒಂದೇ ಯಂತ್ರದಲ್ಲಿ ಸೇರಿದ ಮೇಲೆ ಇದು ಊರೂರಿಗೂ ಹರಡಿತು.

ಆ ‘6.2’ ಎಲ್ಲಿಂದ ಬರುತ್ತದೆ? ಗಡ್ಡೆಯ ಒಂದು ಮಿಲಿಲೀಟರ್‌ನಲ್ಲಿ ಎಷ್ಟು ವಿಕಿರಣವಿದೆ ಎಂದು ಯಂತ್ರ ಅಳೆಯುತ್ತದೆ. ಕೊಟ್ಟ ಡೋಸ್ ಮೈಯೆಲ್ಲ ಸಮನಾಗಿ ಹರಡಿದ್ದರೆ ಎಷ್ಟಿರುತ್ತಿತ್ತೋ ಅದರಿಂದ ಭಾಗಿಸುತ್ತದೆ. ಅಂದರೆ ಡೋಸ್, ತೂಕ, ಸಮಯ ಮೂರೂ ಸರಿಯಿರಬೇಕು. ಡೋಸ್ ಸಾಮಾನ್ಯವಾಗಿ ಕೆಜಿಗೆ 0.1 ಮಿಲಿಕ್ಯೂರಿ ಆಸುಪಾಸು. ಸಿರಿಂಜ್‌ನಲ್ಲಿ ಉಳಿದದ್ದನ್ನು ಅಳೆದು ಕಳೆಯಬೇಕು. ಫ್ಲೋರಿನ್-18ರ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕಿಳಿಯುವ ಸಮಯ) 110 ನಿಮಿಷ, ಹಾಗಾಗಿ ಡೋಸ್ ಅಳೆಯುವ ಯಂತ್ರದ ಗಡಿಯಾರಕ್ಕೂ ಸ್ಕ್ಯಾನರ್ ಗಡಿಯಾರಕ್ಕೂ 10 ನಿಮಿಷ ವ್ಯತ್ಯಾಸವಿದ್ದರೆ ಲೆಕ್ಕ ಶೇ. 6ರಷ್ಟು ತಪ್ಪುತ್ತದೆ. ರೋಗಿಯ ತೂಕವನ್ನು ತೂಗದೆ, ಕೇಳಿ ಬರೆದುಕೊಂಡರಂತೂ ಮುಗಿಯಿತು.

ರೋಗಿಯ ಸಿದ್ಧತೆಯೂ ಅಷ್ಟೇ ಮುಖ್ಯ. 4ರಿಂದ 6 ಗಂಟೆ ಖಾಲಿ ಹೊಟ್ಟೆ, ನೀರು ಮಾತ್ರ. ರಕ್ತದ ಸಕ್ಕರೆ 200 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. ಹೆಚ್ಚಿದೆಯೆಂದು ಆಗಲೇ ಇನ್ಸುಲಿನ್ ಕೊಟ್ಟು ಎಫ್‌ಡಿಜಿ ಚುಚ್ಚಿದರೆ ಔಷಧವೆಲ್ಲ ಸ್ನಾಯುಗಳಿಗೆ ನುಗ್ಗುತ್ತದೆ. ಸ್ನಾಯುವಿನಲ್ಲೇ ಹುದುಗಿದ ಗಡ್ಡೆ ಹುಡುಕುತ್ತಿರುವಾಗ ಇದಕ್ಕಿಂತ ಕೆಟ್ಟದ್ದಿಲ್ಲ. ಹಿಂದಿನ ದಿನ ಓಟ, ಜಿಮ್ ಬೇಡ. ಬಲತೋಳಿನಲ್ಲಿ ಗಂಟಿದ್ದರೆ ಸೂಜಿ ಎಡಗೈಗೆ: ಔಷಧ ನಾಳದಿಂದ ಸೋರಿದರೆ ಕಂಕುಳಿನ ಗ್ರಂಥಿ ಹೊಳೆದು, ಕಾಯಿಲೆ ಹರಡಿದಂತೆ ಕಾಣುತ್ತದೆ. ಚುಚ್ಚಿದ ಮೇಲೆ ಸುಮಾರು 60 ನಿಮಿಷ ಬೆಚ್ಚಗೆ, ಮಾತಿಲ್ಲದೆ ಮಲಗಬೇಕು. ಇನ್ನೊಂದು ಮಾತು: ಪೆಟ್-ಸಿಟಿಯಲ್ಲಿ ರೂಢಿಯಾಗಿ ತಲೆಬುಡದಿಂದ ತೊಡೆಯ ಮಧ್ಯದವರೆಗೆ ಮಾತ್ರ ತೆಗೆಯುತ್ತಾರೆ. ಕಾಲಿನ ಸಾರ್ಕೋಮಾಕ್ಕೆ ಪಾದದವರೆಗೂ ತೆಗೆಯಬೇಕೆಂದು ಚೀಟಿಯಲ್ಲಿ ಬರೆಯದಿದ್ದರೆ ಗಡ್ಡೆಯೇ ಚಿತ್ರದಿಂದ ಹೊರಗುಳಿಯಬಹುದು.

ಇಷ್ಟೆಲ್ಲ ಸರಿಯಾದರೂ ಬೆಳ್ಳಗಿರುವುದೆಲ್ಲ ಹಾಲಲ್ಲ. ನರದ ಹೊದಿಕೆಯಲ್ಲಿ ಬೆಳೆಯುವ ಶ್ವಾನೋಮಾ ಸಾಧು ಗಡ್ಡೆ, ಆದರೂ ಪೆಟ್‌ನಲ್ಲಿ ಮಾರಕದಂತೆ ಹೊಳೆಯಬಲ್ಲದು. ಕ್ಷಯದ ಬಾವು, ಡೆಸ್ಮಾಯ್ಡ್ ಎಂಬ ನಾರುಗಡ್ಡೆ, ಕೀಲಿನ ಟೀನೋಸೈನೋವಿಯಲ್ ಜೈಂಟ್ ಸೆಲ್ ಗಡ್ಡೆಗಳ ಹಾಡೂ ಇದೇ. ಇನ್ನೊಂದು ಕಡೆ, ಕೊಬ್ಬಿನ ಸಾರ್ಕೋಮಾಗಳಲ್ಲೊಂದಾದ ಮಿಕ್ಸಾಯ್ಡ್ ಲೈಪೋಸಾರ್ಕೋಮಾ ನಿಜವಾದ ಕ್ಯಾನ್ಸರ್ ಆಗಿದ್ದೂ ಮಂಕಾಗಿ ಕೂರಬಹುದು. ಮಂಕಾಗಿದೆ ಎಂದು ಕೊಬ್ಬಿನ ಗಂಟಿನಂತೆ ಕೆದಕಿ ತೆಗೆದರೆ ಎರಡನೇ ಆಪರೇಷನ್ ಇನ್ನೂ ದೊಡ್ಡದಾಗುತ್ತದೆ. 5 ಸೆಂ.ಮೀ.ಗಿಂತ ದೊಡ್ಡದಾದ, ಆಳದಲ್ಲಿರುವ, ಬೆಳೆಯುತ್ತಿರುವ ಗಂಟಿಗೆ ಮೊದಲು ಎಂಆರ್‌ಐ, ಆಮೇಲೆ ಮುಂದೆ ಆಪರೇಷನ್ ಮಾಡುವವರೇ ಗುರುತು ಹಾಕಿದ ದಾರಿಯಲ್ಲಿ ಕೋರ್ ಬಯಾಪ್ಸಿ (ದಪ್ಪ ಸೂಜಿಯಿಂದ ತುಣುಕು ತೆಗೆಯುವುದು) ಎಂಬ ಕ್ರಮವನ್ನು ಪೆಟ್ ಬದಲಿಸಿಲ್ಲ.

ಹಾಗಾದರೆ ಪೆಟ್ ಯಾತಕ್ಕೆ? ಅದರ ನಿಜವಾದ ಬಲ ಬೇರೆಡೆ ಇದೆ. ದೊಡ್ಡ ಗಡ್ಡೆಯ ನಡುಭಾಗ ಸತ್ತಿರುತ್ತದೆ, ಅಲ್ಲಿ ಚುಚ್ಚಿದರೆ ಕೊಳೆತದ್ದೇ ಬರುತ್ತದೆ. ಎಲ್ಲಿ ಹೆಚ್ಚು ಹೊಳೆಯುತ್ತದೋ ಅಲ್ಲಿಗೆ ಸೂಜಿ ಹೋದರೆ ಸರಿಯಾದ ಗ್ರೇಡ್ (ಗಡ್ಡೆ ಎಷ್ಟು ಉಗ್ರ ಎಂಬ ದರ್ಜೆ) ಸಿಗುತ್ತದೆ. ನರಗಳಲ್ಲಿ ಗಂಟುಗಳೇಳುವ ಆನುವಂಶಿಕ ಕಾಯಿಲೆ ನ್ಯೂರೋಫೈಬ್ರೊಮಟೋಸಿಸ್-1 ಇರುವವರ ಮೈತುಂಬ ಗಂಟುಗಳಿರುವಾಗ ಯಾವುದು ಕೆಡುತ್ತಿದೆ ಎಂದು ಅನುಮಾನಿಸಲು ಇದಕ್ಕಿಂತ ಒಳ್ಳೆಯ ಸಾಧನ ಕಡಿಮೆ. ಜೀರ್ಣಾಂಗದ ಜಿಸ್ಟ್ ಗಡ್ಡೆಗಳಿಗೆ ಇಮಾಟಿನಿಬ್ ಎಂಬ ಔಷಧ ಬಂದಾಗ, ಗಾತ್ರ ಕುಗ್ಗುವ ಎಷ್ಟೋ ಮೊದಲೇ, ಕೆಲವೇ ದಿನಗಳಲ್ಲಿ ಹೊಳಪು ಆರಿದ್ದನ್ನು ತೋರಿಸಿದ್ದು ಪೆಟ್. ಸಾರ್ಕೋಮಾ ಹೆಚ್ಚಾಗಿ ಹರಡುವ ಶ್ವಾಸಕೋಶದಲ್ಲಿ ಮಾತ್ರ ಅದನ್ನೊಂದನ್ನೇ ನಂಬುವಂತಿಲ್ಲ. ಉಸಿರಾಟದ ಅಲುಗಾಟದಲ್ಲಿ ಕೆಲವೇ ಮಿಲಿಮೀಟರ್ ಗಾತ್ರದ ಚುಕ್ಕೆಗಳು ಕರಗಿಹೋಗುತ್ತವೆ, ಉಸಿರು ಹಿಡಿಸಿ ತೆಗೆದ ತೆಳು ಪದರದ ಸಿಟಿ ಬೇಕೇ ಬೇಕು.

ಈಗಿನ ಹೊಸ ಹೆಸರು ಎಫ್‌ಎಪಿಐ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ರೂಪುಗೊಂಡ ಇದು ಸಕ್ಕರೆಯ ಬದಲು ಗಡ್ಡೆಯ ಸುತ್ತಲಿನ ಫೈಬ್ರೋಬ್ಲಾಸ್ಟ್ ಕೋಶಗಳ ಪ್ರೋಟೀನ್ ಒಂದನ್ನು ಹಿಡಿಯುತ್ತದೆ. ಉಪವಾಸ ಬೇಡ, ರಕ್ತದ ಸಕ್ಕರೆಯ ತಂಟೆಯಿಲ್ಲ. ಇದಕ್ಕೆ ಅಂಟಿಸುವ, 68 ನಿಮಿಷ ಅರ್ಧಾಯುಷ್ಯದ ಗ್ಯಾಲಿಯಂ-68 ಆಸ್ಪತ್ರೆಯಲ್ಲೇ ಇಡಬಹುದಾದ ಸಣ್ಣ ಜನರೇಟರ್‌ನಿಂದಲೇ ಸಿಗುವುದರಿಂದ, ಐಸೋಟೋಪ್ ತಯಾರಿಸುವ ದೊಡ್ಡ ಯಂತ್ರವಾದ ಸೈಕ್ಲೋಟ್ರಾನ್‌ಗೆ ಕಾಯಬೇಕಿಲ್ಲ. ಹಲವು ಸಾರ್ಕೋಮಾಗಳು ಇದರಲ್ಲಿ ಚೆನ್ನಾಗಿ ಹೊಳೆಯುತ್ತವೆ. ಮಾಯುತ್ತಿರುವ ಆಪರೇಷನ್ ಗಾಯವೂ, ಸಂಧಿವಾತದಿಂದ ಊದಿದ ಮಂಡಿಯೂ ಹೊಳೆಯುತ್ತವೆ.