ಹಗೇವಿನೊಳಗಿನ ಗಾಳಿ

"ಹಗೇದಾಗ ದೆವ್ವ ಐತಿ, ಅತ್ಲಾಗ ಹೋಗಬ್ಯಾಡ್ರಿ" ಅಂತ ಗದಗಿನ ಹತ್ತಿರದ ಅಜ್ಜಿ ಊರಲ್ಲಿ ನಮ್ಮನ್ನು ಹೆದರಿಸುತ್ತಿದ್ದರು. ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಅದಕ್ಕೆ ಇಳಿದವರು ಸತ್ತಿದ್ದು ನಿಜ. ಕೊಂದಿದ್ದು ಗಾಳಿ. ಅದೇ ಗಾಳಿ ಜೋಳವನ್ನು ವರ್ಷಗಟ್ಟಲೆ ಕಾಯುತ್ತಿತ್ತು. ಇಷ್ಟು ಸೊಗಸಾದ ವಿಜ್ಞಾನವನ್ನು ದೆವ್ವದ ಕಥೆ ಹೇಳಿ ಮುಚ್ಚಿಬಿಟ್ಟೆವಲ್ಲ ಅಂತ ನನಗೆ ಸಿಟ್ಟೇ ಬರುತ್ತದೆ.

ಅಜ್ಜಿ ಮನೆ ಮುಂದಿನ ಹಗೇವು ಮೇಲಿಂದ ನೋಡಿದರೆ ಬರೀ ಒಂದು ಚಪ್ಪಡಿ ಕಲ್ಲು. ಅದನ್ನು ಸರಿಸಿದರೆ ಒಬ್ಬರು ಇಳಿಯುವಷ್ಟು ಬಾಯಿ, ಒಳಗೆ ಹೂಜಿಯ ಹಾಗೆ ಅಗಲ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಅದಕ್ಕೇ ಎತ್ತರದ ಗರಸು ನೆಲ ನೋಡಿ ತೋಡುತ್ತಿದ್ದರು. ತಳಕ್ಕೆ, ಸುತ್ತಲೂ ಕಣಿಕಿ, ಹೊಟ್ಟು. ಜೋಳ ಸುರಿದು, ಕಲ್ಲು ಮುಚ್ಚಿ, ಸಂದಿಗೆಲ್ಲ ಕೆಸರು ಮೆತ್ತಿದರೆ ಮುಗೀತು.

ಆಮೇಲೆ ಒಳಗೆ ನಡೆಯುವುದೇ ನನಗೆ ತುಂಬ ಇಷ್ಟ. ಜೋಳದ ಕಾಳಿಗೆ ಜೀವ ಇದೆ, ಅದು ಉಸಿರಾಡುತ್ತದೆ. ನುಸಿಯೂ ಉಸಿರಾಡುತ್ತದೆ, ಬೂಷ್ಟೂ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟಿರುತ್ತದೆ. ಬಾಯಿ ಮೆತ್ತಿದ ಮೇಲೆ ಹೊಸ ಗಾಳಿ ಬರೋದಿಲ್ಲ, ಇದ್ದದ್ದು ಖರ್ಚಾಗುತ್ತಾ ಹೋಗುತ್ತದೆ. ಕಿಟಕಿ ಎಲ್ಲ ಮುಚ್ಚಿದ ಬಸ್ಸಿನಲ್ಲಿ ಜನ ತುಂಬಿದ ಹಾಗೆ. ಉರಿಯುವ ದೀಪದ ಮೇಲೆ ಡಬರಿ ಕವುಚಿದ ಹಾಗೆ. ಆಮ್ಲಜನಕ ಶೇ 2–3ಕ್ಕೆ ಇಳಿದರೆ ನುಸಿ ಸಾಯುತ್ತದೆ. ನುಸಿ ಜಾಸ್ತಿ ಇದ್ದಷ್ಟೂ ಗಾಳಿ ಬೇಗ ಖಾಲಿ, ಅಂದರೆ ರೋಗ ದೊಡ್ಡದಾದಷ್ಟೂ ಔಷಧಿ ತಾನೇ ಜೋರಾಗುತ್ತದೆ! ಕಾಳು ಮಾತ್ರ ಚೆನ್ನಾಗಿ ಒಣಗಿರಬೇಕು, ತೇವ ಶೇ 12ರ ಒಳಗೆ. ಇಲ್ಲದಿದ್ದರೆ ಅಂಚಿನ ಜೋಳ ಮುಗ್ಗುತ್ತದೆ.

ಕಾಳು, ನುಸಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ಬಾವಿಯ ನೀರಿನ ಹಾಗೆ ತಳದಲ್ಲೇ ನಿಲ್ಲುತ್ತದೆ. ಅದಕ್ಕೇ ತಿಳಿದವರು ಬಾಯಿ ತೆಗೆದು ಒಂದು ರಾತ್ರಿ ಹಾಗೇ ಬಿಟ್ಟು, ಬೆಳಗ್ಗೆ ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ಆಮ್ಲಜನಕ ಶೇ 16ರ ಆಸುಪಾಸಿಗೆ ಬಂದರೆ ದೀಪ ಆರುತ್ತದೆ. ದೀಪ ಉರಿಯಿತು ಅಂತ ಅದನ್ನೊಂದನ್ನೇ ನಂಬಿ ಇಳಿಯಬೇಡಿ ಮತ್ತೆ, ಕೆಟ್ಟ ಗಾಳಿ ಇದ್ದರೂ ದೀಪ ಉರಿಯಬಹುದು.

ಈ ಸೀಮೆ 1791–92ರ ಡೋಗಿ ಬರ ಕಂಡಿದೆ, 1876–78ರ ಬರ ಕಂಡಿದೆ. ಮಳೆ ಕೈಕೊಟ್ಟ ವರ್ಷ ಹಿಂದಿನ ಸುಗ್ಗಿ ಕಾಲ ಕೆಳಗೇ ಇರಲಿ ಅಂತ ಕಟ್ಟಿದ ವಾಸ್ತುಶಿಲ್ಪ ಇದು. ಈಗ ಬಿಸಿಲು ಏರುತ್ತಿದೆ, ತಗಡಿನ ಗೋದಾಮು ಕಾದಷ್ಟೂ ಹುಳ ಬೇಗ ಮರಿ ಮಾಡುತ್ತವೆ. ನೆಲದೊಳಗೆ ಕೆಲವು ಅಡಿ ಹೋದರೆ ಹಗಲು ರಾತ್ರಿಯ ವ್ಯತ್ಯಾಸವೇ ಗೊತ್ತಾಗಲ್ಲ. ಕರೆಂಟು ಬೇಡ, ಹುಳ ಕೊಲ್ಲುವ ಗುಳಿಗೆ ಬೇಡ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕಾದ ಅಲಸಂದಿ ರೈತರಿಗಾಗಿ ರೂಪಿಸಿದ ಮೂರು ಪದರದ ಕಾಳಿನ ಚೀಲ ನಡೆಯುವುದೂ ಹುಳಕ್ಕೆ ಗಾಳಿ ಸಿಗದ ಇದೇ ಲೆಕ್ಕದಲ್ಲಿ.

ಇದನ್ನೆಲ್ಲ ಜನರ ಕಣ್ಣಿಗೆ ಕಾಣಿಸೋಕೆ ಕಲೆ ಬೇಕು. ಇದರಲ್ಲಿ ಕಲೆಗೇನು ಕೆಲಸ ಅಂತೀರಾ? ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ 2017ರಲ್ಲಿ ಕುಕಿಂಗ್ ಸೆಕ್ಷನ್ಸ್ ಎಂಬ ಕಲಾವಿದರ ಜೋಡಿ ಕಡಲ ದಂಡೆಯಲ್ಲಿ ಒಂದು ಮೇಜು ಕಟ್ಟಿತು. ಉಬ್ಬರ ಬಂದಾಗ ಅದು ನೀರಲ್ಲಿ ಮುಳುಗಿ ಸಿಂಪಿಗಳ ಮನೆ, ಇಳಿತದಲ್ಲಿ ಜನ ಕೂತು ಉಣ್ಣುವ ಜಾಗ. ಸಿಂಪಿ ತಾನು ತಿನ್ನುವಾಗಲೇ ನೀರು ಸೋಸುತ್ತದೆ. ನೂರು ಭಾಷಣ ಹೇಳದ್ದನ್ನು ಆ ಮೇಜು ಕಣ್ಣಿಗೆ ತೋರಿಸುತ್ತದೆ, ಅಲ್ವಾ?

ಧಾರವಾಡದ ಕೃಷಿ ಮೇಳದಲ್ಲಿ ಅಂಥದ್ದೇ ಒಂದು ಹಗೇವು ಬೇಕು. ಒಂದು ಬದಿಗೆ ದಪ್ಪ ಗಾಜು, ಒಳಗೆ ಆಮ್ಲಜನಕದ ಮೀಟರು. ಮೇಳಕ್ಕೆ ಎರಡು ತಿಂಗಳು ಮೊದಲೇ ಜೋಳ ತುಂಬಿ ಮೆತ್ತಲಿ. ಮೇಳದ ದಿನ ಮಕ್ಕಳು ಗಾಜಿಗೆ ಮೂಗು ಒತ್ತಿ ಮೀಟರು ಓದಲಿ, ಬಾಯಿ ತೆಗೆದು ಇಳಿಬಿಟ್ಟ ಕಂದೀಲು ಆರುವುದನ್ನು ನೋಡಲಿ. ಆ ಜೋಳದ್ದೇ ರೊಟ್ಟಿ ಬಡಿದು ಕೊಡಲಿ. ಹಗೇವಿನ ಜೋಳಕ್ಕೆ ಒಂದು ನಮೂನೆ ವಾಸನೆ ಇರುತ್ತದೆ, ಬೀಸುವ ಮೊದಲು ಎರಡು ದಿನ ಬಿಸಿಲಿಗೆ ಹರವಬೇಕು ಅಂತ ಅಜ್ಜಿ ಹೇಳುತ್ತಿದ್ದರು.